ಹುಸಿ ಏರಿಕೆಯ ಇತಿಹಾಸ: ರಕ್ತದ ಪೊಟ್ಯಾಸಿಯಂ ಅಳತೆಯೂ ಸಾಕ್ಷ್ಯವಿಮರ್ಶೆಯೂ

೧. ವಿಷಯಪ್ರವೇಶ

ದಾಖಲೆಯೆಂದರೆ ಶಾಸನ, ಕಡತ, ಪತ್ರ, ನಾಣ್ಯ ಮೊದಲಾದುವು ಮಾತ್ರ ಎಂಬ ಭಾವನೆ ಇತಿಹಾಸದ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಆದರೆ ಕಳೆದ ನೂರು ವರ್ಷಗಳಲ್ಲಿ ಮನುಷ್ಯನ ಬಾಳಿನ ಮೇಲೆ ಅಧಿಕಾರವನ್ನು ಪಡೆದುಕೊಂಡ ದಾಖಲೆಗಳಲ್ಲಿ ಪ್ರಯೋಗಾಲಯದ ವರದಿಯೂ ಒಂದು. ಕಾಗದದ ಮೇಲೆ ಮುದ್ರಿತವಾದ ಒಂದು ಅಂಕಿಯನ್ನು ನೋಡಿ ರೋಗಿಯನ್ನು ಆಸ್ಪತ್ರೆಗೆ ಸೇರಿಸುತ್ತಾರೆ, ಔಷಧವನ್ನು ನಿಲ್ಲಿಸುತ್ತಾರೆ, ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾರೆ. ಹೀಗಿರುವಾಗ ಆ ಅಂಕಿ ಹೇಗೆ ಹುಟ್ಟಿತು, ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ವೈದ್ಯನೊಬ್ಬನದೇ ಅಲ್ಲ. ಸಾಕ್ಷ್ಯವನ್ನು ತೂಗಿ ನೋಡುವ ವಿದ್ಯೆಯನ್ನು ಅಭ್ಯಸಿಸುವವರೆಲ್ಲರದೂ ಆಗುತ್ತದೆ.

ಈ ದೃಷ್ಟಿಯಿಂದ ಪ್ರಸ್ತುತ ಪ್ರಬಂಧದಲ್ಲಿ ಒಂದೇ ಒಂದು ಪರೀಕ್ಷೆಯ ಇತಿಹಾಸವನ್ನು ವಿವೇಚಿಸಲಾಗಿದೆ. ಅದು ರಕ್ತದಲ್ಲಿರುವ ಪೊಟ್ಯಾಸಿಯಂ ಎಂಬ ಧಾತುವಿನ ಪರೀಕ್ಷೆ. ಆರೋಗ್ಯವಂತನ ರಕ್ತದ್ರವದಲ್ಲಿ ಲೀಟರೊಂದಕ್ಕೆ ಸುಮಾರು ೩.೫ರಿಂದ ೫.೦ ಮಿಲಿಮೋಲ್‌ನಷ್ಟು ಪೊಟ್ಯಾಸಿಯಂ ಇರುತ್ತದೆ. ಯಾವ ಬಾಧೆಯೂ ಇಲ್ಲದ ಒಬ್ಬನ ವರದಿಯಲ್ಲಿ ಈ ಅಂಕಿ ೬.೨ ಎಂದು ಬಂದಿತೆಂದು ಭಾವಿಸೋಣ. ಇದಕ್ಕೆ ಎರಡು ಅರ್ಥಗಳು ಸಾಧ್ಯ. ಹೃದಯದ ಬಡಿತವನ್ನೇ ಕೆಡಿಸಬಲ್ಲ ಅಪಾಯವೊಂದು ಸದ್ದಿಲ್ಲದೆ ಬೆಳೆಯುತ್ತಿರಬಹುದು. ಇಲ್ಲವೆ, ಆ ಮನುಷ್ಯನ ದೇಹದಲ್ಲಿ ಯಾವ ವ್ಯತ್ಯಾಸವೂ ಆಗದೆ, ಅವನಿಂದ ತೆಗೆದ ರಕ್ತದಲ್ಲಿ ಮಾತ್ರ, ತೆಗೆಯುವಾಗಲೋ ತೆಗೆದ ಮೇಲೋ ಆ ಏರಿಕೆ ಉಂಟಾಗಿರಬಹುದು. ಎರಡನೆಯದನ್ನು ವೈದ್ಯಶಾಸ್ತ್ರವು ‘ಹುಸಿ ಏರಿಕೆ’ ಎಂಬರ್ಥದ ಹೆಸರಿನಿಂದ ಕರೆಯುತ್ತದೆ. ಈ ಭೇದವನ್ನು ಕಂಡುಕೊಂಡುದು ಒಂದು ದಿನದ ಕೆಲಸವಲ್ಲ. ಅದರ ಹಿಂದೆ ರಸಾಯನಶಾಸ್ತ್ರ, ಯುದ್ಧ, ರಕ್ತನಿಧಿ, ಯಂತ್ರನಿರ್ಮಾಣ ಇವೆಲ್ಲವುಗಳ ಚರಿತ್ರೆ ಹೆಣೆದುಕೊಂಡಿದೆ.

೨. ಒಳಗಿನ ಲವಣ, ಹೊರಗಿನ ಲವಣ

ಪೊಟ್ಯಾಸಿಯಂ ಎಂಬ ಹೆಸರು ಮರದ ಬೂದಿಯಿಂದ ಬಂದದ್ದು. ಬೂದಿಯನ್ನು ನೀರಿನಲ್ಲಿ ಕದಡಿ, ಆ ನೀರನ್ನು ಮಡಕೆಯಲ್ಲಿ ಬತ್ತಿಸಿ ಪಡೆಯುತ್ತಿದ್ದ ಕ್ಷಾರಕ್ಕೆ ಯೂರೋಪಿನಲ್ಲಿ ‘ಪೊಟ್ಯಾಷ್’ ಎಂಬ ಹೆಸರಿತ್ತು. ‘ಮಡಕೆಯ ಬೂದಿ’ ಎಂಬುದೇ ಅದರ ಅರ್ಥ. ಸಸ್ಯಗಳ ಬೂದಿಗೆ ಮಾತ್ರ ಸೇರಿದ್ದೆಂದು ತಿಳಿದಿದ್ದ ಈ ಕ್ಷಾರವು ಖನಿಜಗಳಲ್ಲಿಯೂ ಇದೆಯೆಂದು ೧೭೯೭ರಲ್ಲಿ ಜರ್ಮನಿಯ ಕ್ಲಾಪ್ರೋತ್ ತೋರಿಸಿದನು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯು ೧೮೦೭ರಲ್ಲಿ ವಿದ್ಯುತ್ತನ್ನು ಹಾಯಿಸಿ ಆ ಕ್ಷಾರದಿಂದ ಶುದ್ಧ ಲೋಹವನ್ನು ಬೇರ್ಪಡಿಸಿದನು.

ಈ ಧಾತುವಿಗೂ ಜೀವಿಗಳ ದೇಹಕ್ಕೂ ಇರುವ ಸಂಬಂಧ ಸ್ಪಷ್ಟವಾದದ್ದು ಮುಂದಿನ ತಲೆಮಾರಿನಲ್ಲಿ. ೧೮೪೭ರಲ್ಲಿ ಲೀಬಿಗ್ ಮಾಂಸದ ರಸವನ್ನು ವಿಶ್ಲೇಷಿಸಿ, ಸ್ನಾಯುವಿನ ರಸದಲ್ಲಿ ಪೊಟ್ಯಾಸಿಯಂ ಲವಣಗಳೂ ರಕ್ತದಲ್ಲಿ ಸೋಡಿಯಂ ಲವಣಗಳೂ ಹೆಚ್ಚಾಗಿವೆಯೆಂಬುದನ್ನು ಎತ್ತಿ ಹೇಳಿದನು. ಡೋರ್ಪಾಟ್ ನಗರದ ಕಾರ್ಲ್ ಷ್ಮಿಟ್ ೧೮೫೦ರಲ್ಲಿ ಪ್ರಕಟಿಸಿದ ಕಾಲರಾ ರೋಗದ ಅಧ್ಯಯನದಲ್ಲಿ, ರಕ್ತದ ಒಳಗೇ ಇದೇ ಬಗೆಯ ಭೇದವಿರುವುದನ್ನು ತೋರಿಸಿದನು. ಮನುಷ್ಯನ ಕೆಂಪು ಕಣಗಳ ಒಳಗೆ ಪೊಟ್ಯಾಸಿಯಂ ಅಧಿಕ. ಅವು ತೇಲುವ ದ್ರವದಲ್ಲಿ ಸೋಡಿಯಂ ಅಧಿಕ. ಇಂದಿನ ಲೆಕ್ಕದಂತೆ ಜೀವಕೋಶಗಳ ಒಳಗೆ ಲೀಟರಿಗೆ ಸುಮಾರು ೧೪೦ ಮಿಲಿಮೋಲ್, ಹೊರಗಿನ ದ್ರವದಲ್ಲಿ ೪ ಅಥವಾ ೫. ದೇಹದಲ್ಲಿರುವ ಒಟ್ಟು ಪೊಟ್ಯಾಸಿಯಂನಲ್ಲಿ ನೂರಕ್ಕೆ ಸುಮಾರು ೯೮ ಪಾಲು ಕೋಶಗಳ ಒಳಗೇ ಇದೆ.

ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲವೂ ಇದರಿಂದಲೇ ಹೊರಡುತ್ತದೆ. ವೈದ್ಯನು ಅಳೆಯಬೇಕೆಂದಿರುವುದು ಹೊರಗಿನ ಅಲ್ಪ ಪ್ರಮಾಣವನ್ನು. ಆದರೆ ಸೂಜಿಯಿಂದ ತೆಗೆದ ರಕ್ತದಲ್ಲಿ ಆ ಅಲ್ಪ ಪ್ರಮಾಣದ ಪಕ್ಕದಲ್ಲಿಯೇ, ತೆಳುವಾದ ಪೊರೆಯೊಂದರ ಆಚೆಗೆ, ಅದರ ಮೂವತ್ತು ಪಟ್ಟು ಸಾಂದ್ರವಾದ ಭಂಡಾರವಿದೆ. ಪೊರೆ ಎಲ್ಲಿ ಸ್ವಲ್ಪ ಸೋರಿದರೂ ಅಳತೆ ಮೇಲಕ್ಕೇರುತ್ತದೆ.

ಹೊರಗಿನ ಪ್ರಮಾಣವು ಅಲ್ಪವಾದರೂ ಅದರ ಮಹತ್ತ್ವ ಅಲ್ಪವಲ್ಲವೆಂಬುದನ್ನು ತೋರಿಸಿಕೊಟ್ಟವನು ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್. ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿ, ಲವಣದ್ರಾವಣದಲ್ಲಿ ಅದು ಮಿಡಿಯುತ್ತಿರುವಂತೆ ಮಾಡುವ ಪ್ರಯೋಗಗಳನ್ನು ಅವನು ೧೮೮೨–೮೩ರಲ್ಲಿ ಪ್ರಕಟಿಸಿದನು. ಮೊದಲ ಪ್ರಯೋಗಗಳಲ್ಲಿ ಭಟ್ಟಿಯಿಳಿಸಿದ ನೀರನ್ನು ಬಳಸಲಾಗಿದೆಯೆಂದು ಅವನು ನಂಬಿದ್ದನು. ವಾಸ್ತವವಾಗಿ ದ್ರಾವಣವನ್ನು ಲಂಡನ್ನಿನ ನ್ಯೂ ರಿವರ್ ಕಂಪೆನಿಯ ಕೊಳಾಯಿ ನೀರಿನಿಂದ ತಯಾರಿಸಲಾಗಿತ್ತು. ಆ ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸುತ್ತಿತ್ತು. ರಿಂಗರ್ ಇದನ್ನು ೧೮೮೩ರ ಪ್ರಬಂಧದಲ್ಲಿ ತಾನೇ ತಿದ್ದಿ ಬರೆದನು. ಈ ಅನ್ವೇಷಣೆಯಿಂದ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಹೃದಯದ ಮೇಲೆ ಪರಸ್ಪರ ವಿರುದ್ಧವಾಗಿ ವರ್ತಿಸುತ್ತವೆಯೆಂಬುದು ತಿಳಿಯಿತು. ಇಂದಿಗೂ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೇರಿದಾಗ ಹೃದಯವನ್ನು ರಕ್ಷಿಸಲು ಮೊದಲು ಕೊಡುವುದು ಕ್ಯಾಲ್ಸಿಯಂ ಚುಚ್ಚುಮದ್ದನ್ನೇ. ಪಾತ್ರೆಯಲ್ಲಿರುವುದೇ ಬೇರೆ, ಇದೆಯೆಂದು ತಿಳಿದಿರುವುದೇ ಬೇರೆ ಎಂಬ ಪ್ರಸಂಗವು ಈ ಚರಿತ್ರೆಯ ಆರಂಭದಲ್ಲಿಯೇ ಬರುವುದು ಗಮನಾರ್ಹ.

೩. ಅಳತೆಯ ಸಾಧನಗಳು

ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆಯೆಂದು ತಿಳಿಯುವುದು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಬಹು ಪ್ರಯಾಸದ ಕೆಲಸವಾಗಿತ್ತು. ೧೯೨೧ರಲ್ಲಿ ಕ್ರೇಮರ್ ಮತ್ತು ಟಿಸ್‌ಡಾಲ್ ಎಂಬಿಬ್ಬರು ಅಮೆರಿಕದಲ್ಲಿ ಪ್ರಕಟಿಸಿದ ವಿಧಾನವು ಅಲ್ಪ ಪ್ರಮಾಣದ ಸೀರಂನಿಂದಲೇ ಇದನ್ನು ಸಾಧ್ಯಗೊಳಿಸಿತು. ಸೋಡಿಯಂ ಕೋಬಾಲ್ಟಿನೈಟ್ರೈಟನ್ನು ಬೆರೆಸಿದರೆ ಪೊಟ್ಯಾಸಿಯಂ ಹಳದಿಯ ಗಷ್ಟಾಗಿ ತಳಕ್ಕಿಳಿಯುತ್ತದೆ. ಅದನ್ನು ತೊಳೆದು, ಪರ್ಮಾಂಗನೇಟ್ ದ್ರಾವಣದಿಂದ ಅದರ ಪ್ರಮಾಣವನ್ನು ಕಟ್ಟುತ್ತಾರೆ. ಗಂಟೆಗಟ್ಟಲೆ ತಾಳ್ಮೆಯನ್ನು ಬೇಡುವ ಈ ವಿಧಾನವನ್ನು ಎಲ್ಲ ರೋಗಿಗಳಿಗೂ ಬಳಸುವುದು ಸಾಧ್ಯವಿರಲಿಲ್ಲ.

ಇಷ್ಟರಲ್ಲಿ ಪೊಟ್ಯಾಸಿಯಂ ಏರಿಕೆಯ ಅಪಾಯವು ಎರಡು ದಿಕ್ಕುಗಳಿಂದ ಪ್ರಕಟವಾಯಿತು. ಮೊದಲನೆಯದು ಪ್ರಯೋಗಾಲಯದಿಂದ. ೧೯೩೮ರಲ್ಲಿ ವಿಂಕ್ಲರ್, ಹಾಫ್ ಮತ್ತು ಸ್ಮಿತ್ ಎಂಬವರು ನಾಯಿಗಳ ರಕ್ತಕ್ಕೆ ಪೊಟ್ಯಾಸಿಯಂ ಕ್ಲೋರೈಡನ್ನು ಸೇರಿಸುತ್ತ, ರಕ್ತದ ಪ್ರಮಾಣ ಏರಿದಂತೆಲ್ಲ ಹೃದಯದ ವಿದ್ಯುಲ್ಲೇಖನದಲ್ಲಿ ಆಗುವ ಮಾರ್ಪಾಟುಗಳನ್ನು ಕ್ರಮವಾಗಿ ಗುರುತಿಸಿದರು. ಎರಡನೆಯದು ಯುದ್ಧದಿಂದ. ಲಂಡನ್ನಿನ ಮೇಲೆ ಬಾಂಬುಗಳು ಬಿದ್ದಾಗ ಕುಸಿದ ಮನೆಗಳ ಅಡಿಯಲ್ಲಿ ಸಿಕ್ಕಿ ಗಂಟೆಗಟ್ಟಲೆ ಜಜ್ಜಿಹೋಗಿದ್ದವರನ್ನು ಹೊರತೆಗೆದ ಮೇಲೆ, ಮೊದಲು ಚೇತರಿಸಿದಂತೆ ಕಂಡ ಅವರು ಕೆಲವೇ ದಿನಗಳಲ್ಲಿ ಮೂತ್ರಪಿಂಡಗಳು ನಿಂತುಹೋಗಿ ಸಾಯುತ್ತಿದ್ದರು. ಬೈವಾಟರ್ಸ್ ಮತ್ತು ಬೀಲ್ ಇಂಥ ನಾಲ್ವರ ವೃತ್ತಾಂತವನ್ನು ೧೯೪೧ರಲ್ಲಿ ಪ್ರಕಟಿಸಿದರು. ಜಜ್ಜಿದ ಸ್ನಾಯುಗಳಿಂದ ಹೊರಬಂದ ಪೊಟ್ಯಾಸಿಯಂ, ಅದನ್ನು ಹೊರಹಾಕಲಾರದ ಮೂತ್ರಪಿಂಡ — ಇವೆರಡೂ ಕೂಡಿದಾಗ ಹೃದಯ ಹಠಾತ್ತಾಗಿ ನಿಲ್ಲಬಹುದೆಂಬುದು ಮುಂದೆ ಖಚಿತವಾಯಿತು. ಕೊರಿಯದ ಯುದ್ಧಕಾಲದಲ್ಲಿ, ೧೯೫೨ರಲ್ಲಿ, ವೊಂಜು ಎಂಬಲ್ಲಿ ಅಮೆರಿಕದ ಸೇನೆಯು ಕೃತಕ ಮೂತ್ರಪಿಂಡದ ಕೇಂದ್ರವೊಂದನ್ನು ನಡೆಸಿದಾಗ ಗಾಯಗೊಂಡ ಸೈನಿಕರ ಪೊಟ್ಯಾಸಿಯಂ ಪ್ರಮಾಣವನ್ನು ಮತ್ತೆ ಮತ್ತೆ ಅಳೆಯುವುದು ಚಿಕಿತ್ಸೆಯ ಮುಖ್ಯ ಅಂಗವಾಗಿತ್ತು.

ಮತ್ತೆ ಮತ್ತೆ ಅಳೆಯುವುದು ಸಾಧ್ಯವಾದದ್ದು ಜ್ವಾಲಾಮಾಪಕದಿಂದ. ಪ್ರತಿಯೊಂದು ಲೋಹವೂ ಜ್ವಾಲೆಗೆ ತನ್ನದೇ ಬಣ್ಣವನ್ನು ಕೊಡುತ್ತದೆಂಬ ತತ್ತ್ವವನ್ನು ಬುನ್ಸೆನ್ ಮತ್ತು ಕಿರ್ಕಾಫ್ ೧೮೬೦ರಲ್ಲಿ ವಿಶ್ಲೇಷಣೆಗೆ ಬಳಸಿದ್ದರು. ಬಾರ್ನ್ಸ್ ಮತ್ತು ಅವನ ಸಹೋದ್ಯೋಗಿಗಳು ೧೯೪೫ರಲ್ಲಿ ಈ ತತ್ತ್ವದ ಮೇಲೆ ಸೋಡಿಯಂ, ಪೊಟ್ಯಾಸಿಯಂಗಳನ್ನು ಅಳೆಯುವ ಉಪಕರಣವೊಂದನ್ನು ವರ್ಣಿಸಿದರು. ಪಾಲಿನ್ ಹಾಲ್ಡ್ ೧೯೪೭ರಲ್ಲಿ ಅದನ್ನು ಜೀವದ್ರವಗಳಿಗೆ ಅನ್ವಯಿಸುವ ಬಗೆಯನ್ನು ತಿಳಿಸಿದಳು. ಗಂಟೆಗಳ ಕೆಲಸ ನಿಮಿಷಗಳಿಗಿಳಿಯಿತು. ೧೯೬೦ರ ದಶಕದ ಕೊನೆಯಲ್ಲಿ ಜೂರಿಕ್ ನಗರದ ವಿಲ್‌ಹೆಲ್ಮ್ ಸೈಮನ್ನನ ಬಳಗವು ವ್ಯಾಲಿನೊಮೈಸಿನ್ ಎಂಬ ವಸ್ತುವನ್ನು ಬಳಸಿ ಪೊಟ್ಯಾಸಿಯಮ್ಮನ್ನೇ ಆರಿಸಿಕೊಳ್ಳುವ ವಿದ್ಯುದಗ್ರವನ್ನು ರೂಪಿಸಿತು. ಕಾಲಕ್ರಮದಲ್ಲಿ ಜ್ವಾಲೆಯ ಸ್ಥಾನವನ್ನು ಈ ವಿದ್ಯುದಗ್ರಗಳು ಆಕ್ರಮಿಸಿದವು.

ಇಲ್ಲಿ ಒಂದು ಮಾತನ್ನು ಹೇಳಬೇಕು. ಈ ಸಾಧನಗಳ ಪ್ರಗತಿಯಿಂದ ಅಂಕಿಯ ನಿಖರತೆ ಹೆಚ್ಚಿತು, ಸಂಖ್ಯೆ ಹೆಚ್ಚಿತು. ಆದರೆ ಯಾವ ಯಂತ್ರವೂ ತನ್ನ ಬಾಯಿಗೆ ಬಿದ್ದ ದ್ರವವನ್ನು ಮಾತ್ರ ಅಳೆಯಬಲ್ಲದು. ಆ ದ್ರವವು ರೋಗಿಯ ನಾಳದಲ್ಲಿದ್ದಂತೆಯೇ ಇದೆಯೇ ಎಂಬುದನ್ನು ಅದು ಅರಿಯದು. ನಿಖರತೆ ಬೇರೆ, ಪ್ರಾತಿನಿಧ್ಯ ಬೇರೆ. ಪರೀಕ್ಷೆಗಳು ಅಪರೂಪವಾಗಿದ್ದಾಗ ಮರೆಯಾಗಿದ್ದ ಈ ಭೇದವು ಅವು ನಿತ್ಯದ ಕೆಲಸವಾದ ಮೇಲೆಯೇ ಎದ್ದು ಕಂಡಿತು.

೪. ಕೂಡಿಟ್ಟ ರಕ್ತದ ಸಾಕ್ಷ್ಯ

ರಕ್ತವು ದೇಹದ ಹೊರಗೆ ಬಂದ ಮೇಲೆ ಬದಲಾಗುತ್ತದೆಂಬ ತಿಳಿವಳಿಕೆ ಮೊದಲು ರೋಗನಿರ್ಣಯದ ಪ್ರಯೋಗಾಲಯದಲ್ಲಲ್ಲ, ರಕ್ತನಿಧಿಗಳಲ್ಲಿ ಬೆಳೆಯಿತು. ಷಿಕಾಗೊ ನಗರದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ೧೯೩೭ರಲ್ಲಿ ಫ್ಯಾಂಟಸ್ ರಕ್ತನಿಧಿಯನ್ನು ಸ್ಥಾಪಿಸಿದನು. ಅದರ ಹಿಂದೆಯೇ ನ್ಯೂಯಾರ್ಕಿನಲ್ಲಿ ಸ್ಕಡರ್ ಮತ್ತು ಚಾರ್ಲ್ಸ್ ಡ್ರೂ ಮೊದಲಾದವರು ಕೂಡಿಟ್ಟ ರಕ್ತದ ಗುಣವನ್ನು ಪರೀಕ್ಷಿಸತೊಡಗಿದರು. ದಿನ ಕಳೆದಂತೆಲ್ಲ ಕಣಗಳ ಒಳಗಿನ ಪೊಟ್ಯಾಸಿಯಂ ಹೊರಗಿನ ದ್ರವಕ್ಕೆ ಸೋರುವುದನ್ನು ಅವರು ಅಳೆದು ತೋರಿಸಿದರು.

ಸೋರಿಕೆಯ ಕಾರಣವೇನು? ಪೊರೆ ಹರಿದುಹೋಗುವುದೊಂದೇ ಕಾರಣವಲ್ಲವೆಂಬುದನ್ನು ೧೯೪೧ರಲ್ಲಿ ಹ್ಯಾರಿಸ್ ನಡೆಸಿದ ಪ್ರಯೋಗವು ಸೂಚಿಸಿತು. ತಣ್ಣಗೆ ಇಟ್ಟ ಕೆಂಪು ಕಣಗಳು ಪೊಟ್ಯಾಸಿಯಮ್ಮನ್ನು ಕಳೆದುಕೊಳ್ಳುತ್ತವೆ. ಅವನ್ನೇ ದೇಹದ ಉಷ್ಣತೆಗೆ ತಂದು ಸಕ್ಕರೆಯನ್ನು ಒದಗಿಸಿದರೆ ಕಳೆದುಕೊಂಡದ್ದನ್ನು ಮತ್ತೆ ಒಳಕ್ಕೆ ಸೆಳೆದುಕೊಳ್ಳುತ್ತವೆ. ಹರಿದ ಚೀಲವು ತಾನಾಗಿ ಮತ್ತೆ ತುಂಬಲಾರದು. ಆದ್ದರಿಂದ ಕಣವು ಶಕ್ತಿಯನ್ನು ವೆಚ್ಚಮಾಡಿ ಪೊಟ್ಯಾಸಿಯಮ್ಮನ್ನು ಒಳಗೆ ಹಿಡಿದಿಡುತ್ತಿದೆಯೆಂದು ಊಹಿಸಬೇಕಾಯಿತು. ಈ ಕೆಲಸವನ್ನು ಮಾಡುವ ಕಿಣ್ವವನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೂ ಏಡಿಯ ನರಗಳಲ್ಲಿ ಗುರುತಿಸಿ ೧೯೫೭ರಲ್ಲಿ ಪ್ರಕಟಿಸಿದನು. ೧೯೯೭ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದ ಒಂದು ಪಾಲು ಸಂದಿತು. ಬಾವಿಯಿಂದ ನೀರೆತ್ತುವ ಯಂತ್ರದಂತೆ ಈ ಕಿಣ್ವವು ಸೋಡಿಯಮ್ಮನ್ನು ಹೊರಕ್ಕೂ ಪೊಟ್ಯಾಸಿಯಮ್ಮನ್ನು ಒಳಕ್ಕೂ ಸಾಗಿಸುತ್ತದೆ. ಚಳಿಯಲ್ಲಿ ಅದು ನಿಧಾನಿಸುತ್ತದೆ. ಸಕ್ಕರೆ ತೀರಿದರೆ ನಿಲ್ಲುತ್ತದೆ.

ನಮ್ಮ ನಾಡಿಗೆ ಇದು ದೂರದ ಮಾತಲ್ಲ. ತಾಲ್ಲೂಕು ಕೇಂದ್ರವೊಂದರಲ್ಲಿ ತೆಗೆದ ರಕ್ತವು ಕಣಗಳನ್ನು ಬೇರ್ಪಡಿಸದೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ನಗರದ ಪ್ರಯೋಗಾಲಯಕ್ಕೆ ಪಯಣಿಸಿದರೆ, ರಕ್ಷಣೆಗೆಂದು ಇಟ್ಟ ಮಂಜುಗಡ್ಡೆಯೇ ಅಂಕಿಯನ್ನು ಏರಿಸಬಹುದು. ಇದಕ್ಕೆ ವಿರುದ್ಧವಾಗಿ, ಬೇಸಗೆಯ ಸೆಖೆಯಲ್ಲಿ ಕೆಲವು ಗಂಟೆಗಳ ಕಾಲ ಆ ಕಿಣ್ವವು ಚುರುಕಾಗಿ ಕೆಲಸಮಾಡಿ, ಹೊರಗಿನ ಪೊಟ್ಯಾಸಿಯಮ್ಮನ್ನು ಒಳಕ್ಕೆಳೆದು, ನಿಜವಾದ ಏರಿಕೆಯನ್ನು ಮರೆಮಾಡಲೂಬಹುದು. ಸಕ್ಕರೆ ತೀರಿದ ಮೇಲೆ ಅಂಕಿ ಮತ್ತೆ ಏರುತ್ತದೆ. ಸಾಕ್ಷಿಯು ದಾರಿಯಲ್ಲಿ ಎರಡು ಕಡೆಗೂ ವಾಲಬಲ್ಲದು.

೫. ಹುಸಿ ಏರಿಕೆಯ ಶೋಧ

ಇಷ್ಟು ಪೀಠಿಕೆಯಾದ ಮೇಲೆ ಹುಸಿ ಏರಿಕೆಯು ಒಂದು ಪ್ರತ್ಯೇಕ ವಿಷಯವಾಗಿ ರೂಪುಗೊಂಡ ಬಗೆಯನ್ನು ನೋಡಬಹುದು. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಮೇಲೆ ತಿಳಿಯಾಗಿ ನಿಲ್ಲುವ ಸೀರಮ್ಮನ್ನು ಪರೀಕ್ಷೆಗೆ ತೆಗೆದುಕೊಳ್ಳುವುದು ಹಳೆಯ ವಾಡಿಕೆ. ಹೆಪ್ಪುಗಟ್ಟುವಾಗ ಕಿರುಬಿಲ್ಲೆಗಳು ಒಡೆದು ತಮ್ಮೊಳಗಿನ ಪೊಟ್ಯಾಸಿಯಮ್ಮನ್ನು ಹೊರಬಿಡುತ್ತವೆ. ಸಾಮಾನ್ಯವಾಗಿ ಇದರಿಂದಾಗುವ ವ್ಯತ್ಯಾಸ ಅರ್ಧ ಮಿಲಿಮೋಲಿಗಿಂತ ಕಡಮೆ. ಆದರೆ ಕಿರುಬಿಲ್ಲೆಗಳ ಸಂಖ್ಯೆ ವಿಪರೀತವಾಗಿ ಬೆಳೆದ ರೋಗಿಗಳಲ್ಲಿ ಈ ವ್ಯತ್ಯಾಸ ದೊಡ್ಡದಾಗುತ್ತದೆಂಬುದನ್ನು ಹಾರ್ಟ್‌ಮನ್ ಮತ್ತು ಮೆಲಿಂಕಾಫ್ ೧೯೫೫ರಲ್ಲಿ ವರದಿಮಾಡಿದರು. ೧೯೫೮ರಲ್ಲಿ ಹಾರ್ಟ್‌ಮನ್ ಮತ್ತಿಬ್ಬರೊಡನೆ ಕೂಡಿ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದನು.

ಈ ವಿಷಯವನ್ನು ನಿರ್ಣಯಿಸುವ ವಿಧಾನವೇ ನಮಗೆ ಮುಖ್ಯ. ಒಬ್ಬನೇ ರೋಗಿಯಿಂದ ಒಂದೇ ಕಾಲದಲ್ಲಿ ತೆಗೆದ ರಕ್ತವನ್ನು ಎರಡು ಪಾಲುಮಾಡಿ, ಒಂದನ್ನು ಹೆಪ್ಪುಗಟ್ಟಲು ಬಿಡಬೇಕು. ಇನ್ನೊಂದನ್ನು ಹೆಪ್ಪುಗಟ್ಟದಂತೆ ತಡೆದು, ಅದರ ಪ್ಲಾಸ್ಮವನ್ನು ಬೇರ್ಪಡಿಸಬೇಕು. ಸೀರಂನಲ್ಲಿ ಅಂಕಿ ಹೆಚ್ಚಾಗಿ, ಪ್ಲಾಸ್ಮದಲ್ಲಿ ಸರಿಯಾಗಿದ್ದರೆ, ಏರಿಕೆಯು ನಳಿಕೆಯಲ್ಲಿ ಹುಟ್ಟಿತೇ ಹೊರತು ನಾಳದಲ್ಲಲ್ಲ. ಒಂದೇ ಮೂಲದಿಂದ ಹೊರಟ ಎರಡು ಪ್ರತಿಗಳನ್ನು ಹೋಲಿಸಿ, ಪಾಠವು ಎಲ್ಲಿ ಕೆಟ್ಟಿತೆಂದು ಗ್ರಂಥಸಂಪಾದಕನು ಗುರುತಿಸುವ ಕ್ರಮವೂ ಇದೇ.

ಮುಂದಿನ ದಶಕಗಳಲ್ಲಿ ಇಂಥ ಕಾರಣಗಳ ಪಟ್ಟಿ ಬೆಳೆಯಿತು. ೧೯೬೧ರಲ್ಲಿ ಸ್ಕಿನ್ನರ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ರಕ್ತ ತೆಗೆಯುವಾಗ ಪಟ್ಟಿ ಬಿಗಿದು ಮುಷ್ಟಿಯನ್ನು ಹಿಸುಕಿ ಬಿಡುವುದರಿಂದಲೇ ಅಂಕಿ ಏರಬಹುದೆಂದು ತಿಳಿಸಿದನು. ದುಡಿಯುವ ಸ್ನಾಯು ಪೊಟ್ಯಾಸಿಯಮ್ಮನ್ನು ಹೊರಬಿಡುತ್ತದೆ. ಬಿಗಿದ ಪಟ್ಟಿ ಅದನ್ನು ಅಲ್ಲಿಯೇ ನಿಲ್ಲಿಸುತ್ತದೆ. ಈ ಎಚ್ಚರಿಕೆ ಎಲ್ಲರ ಕಿವಿಗೂ ಬೀಳಲಿಲ್ಲವೆಂದು ತೋರುತ್ತದೆ. ಏಕೆಂದರೆ ಸುಮಾರು ಮೂವತ್ತು ವರ್ಷಗಳ ಮೇಲೆ, ೧೯೯೦ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊದ ವೈದ್ಯರು ಕಾರಣ ತಿಳಿಯದ ಏರಿಕೆಯಿದ್ದ ರೋಗಿಯೊಬ್ಬನನ್ನು ಕೂಲಂಕಷವಾಗಿ ಪರೀಕ್ಷಿಸಿ, ಕೊನೆಗೆ ಮುಷ್ಟಿಯ ಹಿಸುಕಾಟವೇ ಮೂಲವೆಂದು ಕಂಡುಕೊಂಡರು. ಇದರಿಂದ ಲೀಟರಿಗೆ ಒಂದು ಮಿಲಿಮೋಲಿಗೂ ಮೀರಿದ ಏರಿಕೆ ಆಗಬಲ್ಲದೆಂದು ಅವರು ತೋರಿಸಿದರು. ‘ಮುಷ್ಟಿ ಬಿಗಿಹಿಡಿಯಿರಿ’ ಎಂಬ ಮಾತು ನಮ್ಮ ಊರುಗಳಲ್ಲಿಯೂ ರಕ್ತ ತೆಗೆಯುವ ಕೋಣೆಯಲ್ಲಿ ಕೇಳಿಬರುವುದನ್ನು ಓದುಗರು ಬಲ್ಲರು.

೧೯೬೬ರಲ್ಲಿ ಬ್ರಾನ್ಸನ್ ಮತ್ತು ಅವನ ಸಹೋದ್ಯೋಗಿಗಳು ಬಿಳಿಯ ಕಣಗಳು ಅಪಾರವಾಗಿ ಹೆಚ್ಚಿದ ರಕ್ತದಲ್ಲಿ, ಹೆಪ್ಪುಗಟ್ಟುವಾಗ ಅವುಗಳಿಂದಲೂ ಪೊಟ್ಯಾಸಿಯಂ ಹೊರಬೀಳುತ್ತದೆಂದು ತಿಳಿಸಿದರು. ೧೯೭೯ರಲ್ಲಿ ಎಡಿನ್‌ಬರೊದ ಸ್ಟುವರ್ಟ್ ಮತ್ತಿತರರು ಇನ್ನೂ ವಿಚಿತ್ರವಾದ ಸಂಗತಿಯೊಂದನ್ನು ಬೆಳಕಿಗೆ ತಂದರು. ಒಂದು ಕುಟುಂಬದ ಹಲವರಲ್ಲಿ, ರಕ್ತವು ದೇಹದ ಉಷ್ಣತೆಯಿಂದ ಕೋಣೆಯ ಉಷ್ಣತೆಗೆ ಇಳಿದೊಡನೆ ಕೆಂಪು ಕಣಗಳು ಸೋರತೊಡಗುತ್ತಿದ್ದವು. ಅವರಿಗೆ ರೋಗವೇನೂ ಇರಲಿಲ್ಲ. ಅವರ ರಕ್ತದ ವರದಿ ಮಾತ್ರ ರೋಗಿಯ ವರದಿಯಾಗಿತ್ತು. ಇದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು ೨೦೧೩ರಲ್ಲಿ ಗುರುತಿಸಲಾಯಿತು.

ಇವೆಲ್ಲಕ್ಕಿಂತ ಹೆಚ್ಚಾಗಿ ನಿತ್ಯದಲ್ಲಿ ಕಂಡುಬರುವ ಕಾರಣಗಳು ಎರಡು. ಮೊದಲನೆಯದು, ಸಣ್ಣ ಸೂಜಿಯಿಂದ ರಭಸವಾಗಿ ಎಳೆದಾಗ ಅಥವಾ ನಳಿಕೆಯನ್ನು ಜೋರಾಗಿ ಕುಲುಕಿದಾಗ ಕೆಂಪು ಕಣಗಳು ಒಡೆಯುವುದು. ಆಗ ಸೀರಂ ಕೆಂಪಗಾಗುವುದರಿಂದ ಇದನ್ನು ಗುರುತಿಸುವುದು ಸುಲಭ. ಇಂದಿನ ಯಂತ್ರಗಳು ಆ ಬಣ್ಣವನ್ನು ತಾವೇ ಅಳೆಯುತ್ತವೆ. ಆದರೆ ಮುಷ್ಟಿಯ ಹಿಸುಕಾಟ, ಕಿರುಬಿಲ್ಲೆ, ಚಳಿ ಇವುಗಳಿಂದಾದ ಏರಿಕೆಗೆ ಅಂಥ ಬಣ್ಣದ ಗುರುತಿಲ್ಲ. ಎರಡನೆಯದು, ರಕ್ತಕಣಗಳನ್ನು ಎಣಿಸುವ ನಳಿಕೆಗಳಲ್ಲಿ ಹೆಪ್ಪುನಿರೋಧಕವಾಗಿ ಇರುವ ಇ.ಡಿ.ಟಿ.ಎ. ಎಂಬ ಲವಣ. ಅದು ಸಾಮಾನ್ಯವಾಗಿ ಪೊಟ್ಯಾಸಿಯಂ ಲವಣ. ಆ ನಳಿಕೆಯ ರಕ್ತದ ಒಂದಿಷ್ಟು ಇನ್ನೊಂದಕ್ಕೆ ಬಿದ್ದರೂ ಪೊಟ್ಯಾಸಿಯಂ ಏರುತ್ತದೆ. ಅದರೊಡನೆ ಕ್ಯಾಲ್ಸಿಯಂ ಅಸಹಜವಾಗಿ ಇಳಿದಂತೆ ಕಾಣುತ್ತದೆ, ಏಕೆಂದರೆ ಆ ಲವಣವು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಹೀಗೆ ವರದಿಯ ಒಂದು ಸಾಲಿನ ದೋಷವು ಅದೇ ವರದಿಯ ಮತ್ತೊಂದು ಸಾಲಿನಿಂದ ಬಯಲಾಗುತ್ತದೆ.

೬. ಎರಡು ಬಗೆಯ ತಪ್ಪು

ಈ ಎಲ್ಲ ಸಂಗತಿಗಳನ್ನು ತಿಳಿದವನು ‘ಪೊಟ್ಯಾಸಿಯಂ ಹೆಚ್ಚೆಂದು ಬಂದರೆ ಅದು ನಳಿಕೆಯ ದೋಷವೇ ಇರಬೇಕು’ ಎಂಬ ನಿರ್ಣಯಕ್ಕೆ ಬರುವ ಸಂಭವವುಂಟು. ಇದು ಮೊದಲಿನ ಮುಗ್ಧ ನಂಬಿಕೆಗಿಂತ ಅಪಾಯಕರವಾದದ್ದು. ನಿಜವಾದ ಏರಿಕೆಯೂ ಅನೇಕ ವೇಳೆ ಯಾವ ಲಕ್ಷಣವನ್ನೂ ತೋರಿಸದೆ ಇರುತ್ತದೆ. ಮೂತ್ರಪಿಂಡದ ಕಾಯಿಲೆ, ಮಧುಮೇಹ, ರಕ್ತದೊತ್ತಡಕ್ಕೂ ಹೃದ್ರೋಗಕ್ಕೂ ಕೊಡುವ ಕೆಲವು ಔಷಧಗಳು ಇವು ಅದರ ಸಾಮಾನ್ಯ ಕಾರಣಗಳು. ಮೂತ್ರಪಿಂಡಗಳು ಕುಗ್ಗಿದವನಿಗೆ ನಮ್ಮಲ್ಲಿ ತಂಪೆಂದು ಕೊಡುವ ಎಳನೀರೂ ಹೊರೆಯಾಗಬಲ್ಲದು, ಏಕೆಂದರೆ ಅದರಲ್ಲಿ ಪೊಟ್ಯಾಸಿಯಂ ಯಥೇಚ್ಛವಾಗಿದೆ.

ಔಷಧಗಳ ವಿಷಯದಲ್ಲಿ ಇತ್ತೀಚಿನ ಚರಿತ್ರೆಯ ಒಂದು ಅಧ್ಯಾಯ ಬೋಧಪ್ರದವಾಗಿದೆ. ಹೃದಯವು ಸೋತ ರೋಗಿಗಳಲ್ಲಿ ಸ್ಪೈರನೊಲ್ಯಾಕ್ಟೋನ್ ಎಂಬ ಔಷಧವು ಮರಣವನ್ನು ಗಣನೀಯವಾಗಿ ತಗ್ಗಿಸುತ್ತದೆಂದು ೧೯೯೯ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಔಷಧದ ಬಳಕೆ ಬೇಗನೆ ಹರಡಿತು. ೨೦೦೪ರಲ್ಲಿ ಕೆನಡದ ಆಂಟೇರಿಯೊ ಪ್ರಾಂತ್ಯದಿಂದ ಬಂದ ಅಧ್ಯಯನವು, ಆ ಬಳಕೆಯೊಡನೆ ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರುವವರ ಸಂಖ್ಯೆಯೂ ಸಾಯುವವರ ಸಂಖ್ಯೆಯೂ ಹೆಚ್ಚಿದುದನ್ನು ತಿಳಿಸಿತು. ಇಂಥ ರೋಗಿಯ ವರದಿಯಲ್ಲಿ ಅಂಕಿ ಏರಿದಾಗ ಎರಡು ತಪ್ಪುಗಳು ಕಾದಿರುತ್ತವೆ. ನಿಜವಾದ ಏರಿಕೆಯನ್ನು ಹುಸಿಯೆಂದು ತಳ್ಳಿಹಾಕಿದರೆ ಹೃದಯ ನಿಲ್ಲಬಹುದು. ಹುಸಿ ಏರಿಕೆಯನ್ನು ನಿಜವೆಂದು ಬಗೆದರೆ, ಬಾಳನ್ನು ಉಳಿಸುತ್ತಿದ್ದ ಔಷಧವನ್ನೇ ನಿಲ್ಲಿಸಿದಂತಾಗುತ್ತದೆ. ಇಷ್ಟೇ ಅಲ್ಲ, ಪೊಟ್ಯಾಸಿಯಮ್ಮನ್ನು ಇಳಿಸಲು ಇನ್ಸುಲಿನ್ ಮೊದಲಾದವನ್ನು ಕೊಟ್ಟರೆ ಸರಿಯಾಗಿದ್ದ ಪ್ರಮಾಣವು ಅಪಾಯಕರವಾಗಿ ಕುಸಿಯಬಹುದು, ರಕ್ತದ ಸಕ್ಕರೆಯೂ ಅದರೊಡನೆ ಇಳಿಯಬಹುದು.

ಆದಕಾರಣ ಇಂದಿನ ವೈದ್ಯಪದ್ಧತಿಯು ಎರಡು ಪ್ರಶ್ನೆಗಳನ್ನು ಒಟ್ಟೊಟ್ಟಿಗೆ ಕೇಳುತ್ತದೆ. ಈ ಅಂಕಿ ನಿಜವೇ ಎಂಬುದೊಂದು. ನಿಜವಾಗಿದ್ದರೆ ಕಾಯಲು ಸಮಯವಿದೆಯೇ ಎಂಬುದು ಇನ್ನೊಂದು. ರೋಗಿಯ ಹಿನ್ನೆಲೆ, ಹಿಂದಿನ ವರದಿಗಳು, ಮೂತ್ರಪಿಂಡದ ಪರೀಕ್ಷೆ, ರಕ್ತ ತೆಗೆದ ಕಾಲ ಮತ್ತು ಕ್ರಮ ಇವುಗಳನ್ನು ವಿಚಾರಿಸಿ, ಮುಷ್ಟಿ ಹಿಸುಕಿಸದೆ ಹೊಸದಾಗಿ ರಕ್ತ ತೆಗೆದು, ಸಾಧ್ಯವಾದರೆ ಪ್ಲಾಸ್ಮವನ್ನು ತಡಮಾಡದೆ ಅಳೆಯುತ್ತಾರೆ. ಹೃದಯದ ವಿದ್ಯುಲ್ಲೇಖನವನ್ನೂ ತೆಗೆಯುತ್ತಾರೆ. ಅದರಲ್ಲಿ ಮಾರ್ಪಾಟು ಕಂಡರೆ ಮರುಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ. ಆದರೆ ವಿದ್ಯುಲ್ಲೇಖನ ಸರಿಯಾಗಿದೆಯೆಂದ ಮಾತ್ರಕ್ಕೆ ಏರಿಕೆ ಹುಸಿಯೆಂದು ತೀರ್ಮಾನಿಸುವಂತಿಲ್ಲ. ನಿಜವಾದ ತೀವ್ರ ಏರಿಕೆಯಲ್ಲಿಯೂ ಅದು ಕೆಲವೊಮ್ಮೆ ಸಹಜವಾಗಿರುತ್ತದೆ. ೬.೫ನ್ನು ಮುಟ್ಟಿದ ಅಂಕಿಯನ್ನು ತೀವ್ರವೆಂದು ಎಣಿಸಿ, ಅನ್ಯಥಾ ಸಿದ್ಧವಾಗುವ ತನಕ ನಿಜವೆಂದೇ ಭಾವಿಸಿ ನಡೆಯುವುದು ವಿವೇಕವೆನಿಸಿದೆ. ಸಂಶಯವು ಶೀಘ್ರ ಪರಿಶೀಲನೆಗೆ ಕಾರಣವಾಗಬೇಕೇ ಹೊರತು ಅಲಕ್ಷ್ಯಕ್ಕೆ ನೆಪವಾಗಬಾರದು.

೭. ಉಪಸಂಹಾರ

ಈ ಚರಿತ್ರೆಯಿಂದ ಇತಿಹಾಸದ ಅಭ್ಯಾಸಿಗಳು ಗ್ರಹಿಸಬಹುದಾದದ್ದೇನು? ದಾಖಲೆಯ ವಿಮರ್ಶೆಯನ್ನು ಬಾಹ್ಯವೆಂದೂ ಆಂತರಿಕವೆಂದೂ ಎರಡಾಗಿ ವಿಂಗಡಿಸುವುದು ೧೮೯೮ರಲ್ಲಿ ಲಾಂಗ್ಲುವ ಮತ್ತು ಸೇನ್ಯೊಬೊ ಬರೆದ ಕೈಪಿಡಿಯ ಕಾಲದಿಂದ ನಮ್ಮ ತರಗತಿಗಳಲ್ಲಿ ರೂಢಿಯಾಗಿದೆ. ದಾಖಲೆ ಎಲ್ಲಿ, ಯಾವಾಗ, ಯಾರ ಕೈಯಿಂದ, ಯಾವ ರೂಪದಲ್ಲಿ ನಮ್ಮವರೆಗೆ ಬಂದಿತೆಂಬುದು ಬಾಹ್ಯ ವಿಮರ್ಶೆ. ಅದು ಹೇಳುವ ಮಾತು ನಂಬತಕ್ಕದ್ದೇ ಎಂಬುದು ಆಂತರಿಕ ವಿಮರ್ಶೆ. ಕರ್ನಾಟಕದ ಶಾಸನಗಳನ್ನು ಅಭ್ಯಸಿಸಿದ ಫ್ಲೀಟ್ ೧೯೦೧ರಲ್ಲಿ ಭಾರತದ ಕೂಟಶಾಸನಗಳ ಪಟ್ಟಿಯೊಂದನ್ನು ಪ್ರಕಟಿಸಿದಾಗ, ಪಶ್ಚಿಮ ಗಂಗರ ಹೆಸರಿನ ಅನೇಕ ತಾಮ್ರಪಟಗಳು ಅದರಲ್ಲಿ ಸೇರಿದ್ದವು. ಅವು ಹೇಳುವ ಕಾಲಕ್ಕೂ ಅವುಗಳ ಲಿಪಿಯ ಕಾಲಕ್ಕೂ ಹೊಂದಿಕೆಯಿಲ್ಲವೆಂಬುದು ಅವನ ಮುಖ್ಯ ಆಕ್ಷೇಪಗಳಲ್ಲಿ ಒಂದು. ಈ ವಿಷಯದಲ್ಲಿ ರೈಸ್ ಮೊದಲಾದ ವಿದ್ವಾಂಸರಿಗೂ ಅವನಿಗೂ ನಡೆದ ವಾದವು ಸುಪ್ರಸಿದ್ಧ. ಕೂಟವೆಂದು ಸಿದ್ಧವಾದ ಶಾಸನವೂ ನಿರರ್ಥಕವಲ್ಲ. ಅದು ತಾನು ಹೇಳಿಕೊಳ್ಳುವ ಕಾಲಕ್ಕೆ ಸಾಕ್ಷಿಯಾಗದಿದ್ದರೂ ತಾನು ಹುಟ್ಟಿದ ಕಾಲಕ್ಕೆ ಸಾಕ್ಷಿಯಾಗುತ್ತದೆ.

ಪೊಟ್ಯಾಸಿಯಂ ವರದಿಯ ವಿಷಯದಲ್ಲಿಯೂ ಇದೇ ನ್ಯಾಯ. ‘ಹುಸಿ’ ಎಂಬ ಪದದಿಂದ ಯಂತ್ರವು ತಪ್ಪಿತೆಂದು ತಿಳಿಯಬಾರದು. ಯಂತ್ರ ಅಳೆದದ್ದು ಸರಿ. ನಳಿಕೆಯಲ್ಲಿ ಅಷ್ಟು ಪೊಟ್ಯಾಸಿಯಂ ಇದ್ದದ್ದೂ ನಿಜ. ತಪ್ಪಿದ್ದು, ಆ ಅಂಕಿಯನ್ನು ನಳಿಕೆಯಿಂದ ನಾಳಕ್ಕೆ ವಿಚಾರಿಸದೆ ಒಯ್ದ ನಮ್ಮ ಅನುಮಾನದಲ್ಲಿ. ಅಷ್ಟೇಕೆ, ಆ ಹುಸಿ ಅಂಕಿಯೂ ಒಂದು ಸತ್ಯವನ್ನು ಹೇಳುತ್ತದೆ: ಕಿರುಬಿಲ್ಲೆಗಳು ಮಿತಿಮೀರಿವೆಯೆಂದೋ, ಬಿಳಿಯ ಕಣಗಳ ರೋಗವೊಂದು ಅಡಗಿದೆಯೆಂದೋ, ಇಲ್ಲವೆ ರಕ್ತ ತೆಗೆಯುವ ಕ್ರಮದಲ್ಲಿ ಲೋಪವಿದೆಯೆಂದೋ ಅದು ಸೂಚಿಸುತ್ತದೆ. ಹಾರ್ಟ್‌ಮನ್ ಮೊದಲಾದವರು ಆ ಅಂಕಿಯನ್ನು ಎಸೆಯದೆ, ಅದು ಏಕೆ ಹಾಗೆ ಬಂದಿತೆಂದು ಕೇಳಿದ್ದರಿಂದಲೇ ಹೊಸ ತಿಳಿವಳಿಕೆ ಲಭಿಸಿತು.

ಇತಿಹಾಸಕಾರನಿಗೆ ಒಂದು ಅನುಕೂಲವಿದೆ. ಅವನು ತೂಗುವ ಸಾಕ್ಷ್ಯದ ಮೇಲೆ ಸಾಮಾನ್ಯವಾಗಿ ಬದುಕಿರುವವನ ಪ್ರಾಣ ನಿಂತಿರುವುದಿಲ್ಲ. ಸಂಶಯ ಬಂದರೆ ತೀರ್ಮಾನವನ್ನು ಮುಂದಿನ ಸಂಶೋಧಕರಿಗೆ ಬಿಡಬಹುದು. ವೈದ್ಯನಿಗೆ ಅಷ್ಟು ಬಿಡುವಿಲ್ಲ. ಸಂಶಯವನ್ನು ಇಟ್ಟು­ಕೊಂಡೇ, ಕೆಲವು ನಿಮಿಷಗಳಲ್ಲಿ, ಒಂದು ದಾರಿಯನ್ನು ಹಿಡಿಯಬೇಕು. ಹಾಗಿದ್ದೂ ಆ ಕಸುಬಿನವರು ತಮ್ಮ ದಾಖಲೆಯ ಹುಟ್ಟನ್ನು ಪ್ರಶ್ನಿಸುವ ಶಿಸ್ತನ್ನು ಬೆಳೆಸಿಕೊಂಡಿರುವಾಗ, ಬಿಡುವುಳ್ಳ ನಾವು ಅದನ್ನು ಸಡಿಲಬಿಡಲು ಕಾರಣವೇ ಇಲ್ಲ. ವಿದ್ಯಾರ್ಥಿಗಳು ಮುಂದೆ ಯಾವ ಅಂಕಿಯನ್ನು ಎದುರಿಸಿದರೂ, ಜನಗಣತಿಯದಾಗಲಿ, ಕಂದಾಯದ ಲೆಕ್ಕದ್ದಾಗಲಿ, ತಮ್ಮದೇ ರಕ್ತದ್ದಾಗಲಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಅಳೆದಾಗ ಅಳತೆಯ ಪಾತ್ರೆಯಲ್ಲಿ ಇದ್ದದ್ದೇನು?